ಚೀಟಿಯಲ್ಲಿ ಬಂದ ವಾದ

ಸೊಕ್ಕೆ, ಸೋಮವಾರ

ಸಂಧ್ಯಾರಾಣಿ ಮೇಡಂ ಅವರಿಗೆ ನಮಸ್ಕಾರಗಳು.

ಶುಕ್ರವಾರದ ಚರ್ಚಾಸ್ಪರ್ಧೆಗೆ ಚೀಟಿ ಎತ್ತಿದಾಗ, ‘ಮನುಷ್ಯನಿಂದ ಹವಾಮಾನ ಕೆಟ್ಟಿಲ್ಲ, ಹೆದರುವಂಥದ್ದೇನಿಲ್ಲ’ ಎಂಬ ವಾದ ನನ್ನ ಪಾಲಿಗೆ ಬಂತು. ಭಾಷಣ ಬರೆದಿದ್ದೇನೆ. ಚೆನ್ನಾಗಿಯೇ ಬಂದಿದೆ, ಅದೇ ಭಯ.

ನಮ್ಮ ತಾತ ಓಬಳಪ್ಪ ಮಳೆ ನಕ್ಷತ್ರ ನೋಡಿ ಹೇಳಿದ ದಿನವೇ ಊರವರು ಬಿತ್ತುತ್ತಿದ್ದರು. ಈ ವರ್ಷ ರೋಹಿಣಿ ಮಳೆಗೆ ಮೆಕ್ಕೆಜೋಳ ಬಿತ್ತಿಸಿದರು. ಆಮೇಲೆ ತಿಂಗಳಾದರೂ ಹನಿ ಬೀಳಲಿಲ್ಲ, ಮೊಳಕೆಯೆಲ್ಲ ಕಮರಿತು. ಅಂದಿನಿಂದ ತಾತ ಊರ ಕಟ್ಟೆಗೆ ಹೋಗಿಲ್ಲ. “ಮಳೆ ಕೆಟ್ಟೈತೋ, ನನ್ನ ಲೆಕ್ಕ ಕೆಟ್ಟೈತೋ, ಓದಿದೋಳು ನೀನೇ ಹೇಳವ್ವ” ಅನ್ನುತ್ತಾರೆ.

ಹವಾಮಾನ ಕೆಟ್ಟಿಲ್ಲವೆಂದು ವಾದಿಸಿ ನಾನು ಗೆದ್ದರೆ ತಪ್ಪು ತಾತನದಾಗುತ್ತದೆ. ದಯವಿಟ್ಟು ವಾದ ಬದಲಿಸಿಕೊಡಿ. ಆಗದಿದ್ದರೆ ಮೈಕ್ ಮಾತ್ರ ಹಾಕಿಸಬೇಡಿ. ನಮ್ಮ ಮನೆ ಶಾಲೆಯ ಹಿಂದೆಯೇ ಇದೆ.

ನಿಮ್ಮ ವಿದ್ಯಾರ್ಥಿನಿ,
ಪೂರ್ಣಿಮಾ, ಹತ್ತನೇ ತರಗತಿ