ಧಾರೆ ಎರೆದ ಕೆರೆ, ಬೀಗ ಬಿದ್ದ ಕೋಡಿ

॥ ಶ್ರೀ ವರುಣಾಯ ನಮಃ ॥

ವಿಶ್ವಾವಸು ನಾಮ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಶುದ್ಧ ಬಿದಿಗೆ, ಸೋಮವಾರ. ನಾಳೆ ಗೌರಿ ಹಬ್ಬ.

ಸಂರಕ್ಷಣಾ ನಿಧಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಗೌರಮ್ಮನ ಕೆರೆಯ ಕೋಡಿಗೆ ಹಾಕಿದ ಕಬ್ಬಿಣದ ಜಾಲರಿಗೆ ಕಸ ಕಟ್ಟಿದೆ. ಅಲ್ಲಿಗೆ ಹೋಗುವ ಗೇಟಿಗೆ ತಾವು ಬೀಗ ಹಾಕಿಸಿದ್ದೀರಿ. ಹೆಚ್ಚಾದ ನೀರು ಕೋಡಿಯಲ್ಲಿ ಇಳಿಯಲಾರದೆ ಏರಿಯ ತಗ್ಗು ದಾಟಿ ಹೇರೋಹಳ್ಳಿ ಕಡೆಯ ಮನೆಗಳಿಗೆ ನುಗ್ಗುತ್ತಿದೆ. ನನ್ನ ದೂರು ಇಷ್ಟೇ. ಇಷ್ಟಕ್ಕೆ ಬಹಿರಂಗ ಪತ್ರವೇಕೆ ಎಂದು ತಾವು ಕೇಳಬಹುದು. ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ‘ತಮ್ಮ ಪರಿಸರ ಕಾಳಜಿಗೆ ಧನ್ಯವಾದಗಳು’ ಎಂಬ ಒಂದೇ ಪ್ರಸಾದ ದೊರೆತದ್ದರಿಂದ.

ತಮ್ಮ ಉಪಕಾರವನ್ನು ಮರೆತವನು ನಾನಲ್ಲ. ಕೆಡವಿದ ಮನೆಗಳ ಮಣ್ಣು ಸುರಿಯುವ ಲಾರಿಗಳು ಕೆರೆಯಂಗಳಕ್ಕೆ ಇಳಿಯುತ್ತಿದ್ದ ಕಾಲದಲ್ಲಿ ನಮ್ಮ ಕೂಗಿಗೆ ಓಗೊಟ್ಟದ್ದು ತಮ್ಮ ನಿಧಿಯೊಂದೇ. ತಮ್ಮ ಅನುದಾನದಿಂದ ಹೂಳು ಹೋಯಿತು, ಜೊಂಡು ಹೋಯಿತು, ನೀರುಕಾಗೆಗಳು ಮರಳಿದವು. ಆದುದರಿಂದಲೇ, ನಿಧಿಯು ಇನ್ನು ಮುಂದೆ ಧನಸಹಾಯಕ್ಕಷ್ಟೇ ನಿಲ್ಲದೆ ಕೆರೆಯ ರಕ್ಷಣೆಯ ನಾಯಕತ್ವವನ್ನೂ ವಹಿಸಲಿದೆ ಎಂದು ತಾವು ಸಾರಿದಾಗ ಮೊದಲು ಚಪ್ಪಾಳೆ ತಟ್ಟಿದವನು ಕೆರೆ ಸಮಿತಿಯ ಅಧ್ಯಕ್ಷನಾದ ನಾನೇ. ಕೆರೆಯನ್ನು ತಮಗೆ ಹಸ್ತಾಂತರಿಸಿದ ದಿನ ಕಾಗದಕ್ಕೆ ಸಹಿ ಹಾಕಿದರೆ ಸಾಕಿತ್ತು. ಆದರೆ ಜೀವಮಾನವೆಲ್ಲ ಶಾಸ್ತ್ರ ಪಾಠ ಮಾಡಿದವನಿಗೆ ಬರಿಯ ಸಹಿಯಿಂದ ತೃಪ್ತಿಯಾದೀತೇ? ಸಂಕಲ್ಪ ಮಾಡಿ, ತುಳಸೀದಳವಿಟ್ಟು, ತಮ್ಮ ಬೊಗಸೆಗೆ ಅದೇ ಕೆರೆಯ ನೀರನ್ನು ಧಾರೆ ಎರೆದು ‘ನ ಮಮ’ ಎಂದುಬಿಟ್ಟೆ. ಇನ್ನು ನನ್ನದಲ್ಲ, ಎಂದು. ಹೆಣ್ಣು ಕೊಡುವಾಗ ಎರೆಯುವ ಧಾರೆ ಅದು.

ಕಳೆದ ವಾರದ ಮಳೆಯಲ್ಲಿ ಆ ಮಾತು ನನ್ನ ಕೊರಳಿಗೇ ಸುತ್ತಿಕೊಂಡಿತು. ಕೊಡೆ ಹಿಡಿದು ಗೇಟಿಗೆ ಹೋದೆ. ತಮ್ಮ ಕಾವಲುಗಾರ ರುದ್ರೇಶ ಸಜ್ಜನ. ನನ್ನನ್ನು ಕಂಡೊಡನೆ ಎದ್ದು ನಿಂತ.

“ಜಾಲರಿ ಕ್ಲೀನ್ ಮಾಡಬೇಕಪ್ಪ, ಗೇಟು ತೆಗಿ.”

“ಕೀ ನನ್ನ ಜೇಬಲ್ಲೇ ಐತೆ ಸಾರ್. ಹೆಡ್ಡಾಫೀಸಿಂದ ಮೆಸೇಜ್ ಬರದೆ ತೆಗೆದ್ರೆ ನಾಳೆ ನಾನೇ ಗೇಟ್‌ನಿಂದ ಆಚೆ.”

ಹೆಡ್ಡಾಫೀಸಿಗೆ ಫೋನು ಮಾಡಿದೆ. ಅಲ್ಲಿಯ ತರುಣಿ ಬಹು ವಿನಯದಿಂದ, “ಸಾರ್, ಕೋಡಿ ವಿಷಯ ವಾರ್ಡ್ ಆಫೀಸಿಗೆ ಬರುತ್ತೆ,” ಎಂದಳು. ವಾರ್ಡ್ ಕಚೇರಿಯವರು, “ಕೆರೆ ಈಗ ನಿಧಿಯವರದು, ಸ್ವಾಮಿ,” ಎಂದರು. ಮತ್ತೆ ಅವಳಿಗೇ ಮಾಡಿದೆ. “ಸಾರ್, ನೀವೇ ನೀರು ಬಿಟ್ಟು ಕೊಟ್ಟಿದ್ದೀರಲ್ವಾ? ವಿಡಿಯೋ ನಮ್ಮ ವೆಬ್‌ಸೈಟ್‌ನಲ್ಲೇ ಇದೆ. ತುಂಬಾ ಚೆನ್ನಾಗಿ ಬಂದಿದೆ!”

ಏರಿಯ ಕೆಳಗೆ ಜಗದಾಂಬಾ ಎಂಬಾಕೆ ಜೋಳದ ರೊಟ್ಟಿ ತಟ್ಟಿ ಚಂದ್ರಾ ಲೇಔಟಿನ ಅಂಗಡಿಗಳಿಗೆ ಕೊಟ್ಟು ಜೀವಿಸುತ್ತಾರೆ. ನಾನು ಹೋದಾಗ ನೀರು ಒಲೆಯ ಮಟ್ಟಕ್ಕೆ ಬಂದಿತ್ತು. ನೆನೆದ ಹಿಟ್ಟಿನ ಚೀಲವನ್ನು ಮಂಚದ ಮೇಲಿಟ್ಟು, ಆಕೆ ಅದರ ಪಕ್ಕದಲ್ಲಿ ಕಾಲು ಮೇಲೆತ್ತಿ ಕುಳಿತಿದ್ದರು.

“ಬರ್ರಿ ಆಚಾರ್ರ, ಕುಂಡ್ರಾಕ ಜಾಗಾ ಇಲ್ಲ, ನಿಂತೇ ಮಾತಾಡ್ರಿ,” ಎಂದು ನಕ್ಕರು. “ದಾನಾ ನೀವು ಮಾಡಿದ್ರಿ, ಪುಣ್ಯಾ ನಿಮಗ ಬಂತು. ನೀರ ನೋಡ್ರಿ, ನಮ್ಮನಿಗೆ ಬಂತು.”

ಮಾನ್ಯರೇ, ಈ ಮಾತಿಗೆ ನಾನು ಓದಿದ ಯಾವ ಗ್ರಂಥದಲ್ಲಿಯೂ ಉತ್ತರವಿಲ್ಲ. ಕೊಟ್ಟುದನ್ನು ಮರಳಿ ಕೇಳಿದರೆ ದತ್ತಾಪಹಾರದ ದೋಷ. ಕೇಳದಿದ್ದರೆ ಆ ಒಲೆ ಮುಳುಗಿದ ಪಾಪ. ತಾವು ಹೊರಟುಹೋದರೆ ಲಾರಿಗಳು ಬರುತ್ತವೆ. ತಾವು ಇದ್ದರೆ ಬೀಗ ತೆರೆಯುವುದಿಲ್ಲ. ಇತ್ತ ಪಶ್ಚಿಮ ಬೆಂಗಳೂರಿನ ಉಳಿದ ಕೆರೆ, ಗೋಮಾಳ, ತೋಪುಗಳಿಗೂ ತಮ್ಮ ನಾಯಕತ್ವವನ್ನು ವಿಸ್ತರಿಸುವ ಸಿದ್ಧತೆ ನಡೆದಿದೆ. ಅದಕ್ಕೆ ಜನಸಮ್ಮತಿಯ ಮಾದರಿಯಾಗಿ ತಾವು ಸಭೆಸಭೆಗಳಲ್ಲಿ ತೋರಿಸುತ್ತಿರುವುದು ನನ್ನ ಧಾರೆಯನ್ನೇ! ನಾನು ಎರೆದ ನೀರಿನಲ್ಲಿ ಇನ್ನೆಷ್ಟು ಮನೆಗಳ ಒಲೆ ತೋಯಬೇಕು? ಹಣ ಕೊಡುವಾಗ ಕೆರೆಯ ದಡದಲ್ಲಿ ನಿಲ್ಲುತ್ತಿದ್ದವರು, ನಾಯಕರಾದ ಮೇಲೆ ದೂರದ ಮಹಡಿಯಿಂದ ಮೆಸೇಜು ಕಳುಹಿಸುವುದನ್ನು ವಿಸ್ತರಣೆ ಎನ್ನಬೇಕೋ, ಸಂಕೋಚ ಎನ್ನಬೇಕೋ?

ಆದರೂ ಆ ಧಾರೆಯಲ್ಲಿಯೇ ನನಗೊಂದು ಕಿಂಡಿ ಕಂಡಿದೆ. ಧಾರೆ ಎರೆದು ಕೊಟ್ಟ ಹೆಣ್ಣನ್ನು ತವರಿನವರು ಮರಳಿ ಕೇಳುವುದಿಲ್ಲ, ನಿಜ. ಆದರೆ ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ನೋಡಹೋಗುತ್ತಾರೆ. ಅಂದು ಅವರಿಗೆ ಬಾಗಿಲು ತೆರೆಯದ ಮನೆ ಈ ನಾಡಿನಲ್ಲಿಲ್ಲ.

ನಾಳೆ ಬೆಳಿಗ್ಗೆ ಜಗದಾಂಬಾ ಅವರೂ ಬಡಾವಣೆಯ ಹೆಂಗಸರೂ ಮೊರದ ಬಾಗಿನ ಹಿಡಿದು ಆ ಗೇಟಿಗೆ ಬರುತ್ತಾರೆ. ಅವರ ಹಿಂದೆ ನಾನು ಸಲಿಕೆ ಹಿಡಿದು ನಿಂತಿರುತ್ತೇನೆ. ಗೇಟು ತೆರೆಸಿರಿ. ಜಾಲರಿಯ ಕಸ ತೆಗೆಯೋಣ. ಕೋಡಿಯ ಒಂದು ಕೀಲಿಕೈ ಇನ್ನು ಮೇಲೆ ಜಗದಾಂಬಾ ಅವರ ಮನೆಯ ಗೂಟದಲ್ಲಿರಲಿ. ಅದಾದ ಮೇಲೆ ತಮ್ಮ ನಾಯಕತ್ವ ದಶದಿಕ್ಕುಗಳಿಗೂ ಹಬ್ಬಲಿ. ನಾನೇ ಮೊದಲು ಚಪ್ಪಾಳೆ ತಟ್ಟುವೆನು.

ಇಂತಿ,
ಕೊಟ್ಟದ್ದನ್ನು ಕೇಳಲಾರದೆ, ಕೇಳದೆ ಇರಲೂ ಆರದೆ,
ತಮ್ಮ ವಿಡಿಯೋದಲ್ಲಿ ನೀರೆರೆಯುತ್ತಿರುವ ಮುದುಕ
ಶ್ಯಾಮಸುಂದರಾಚಾರ್ಯ, ಚಂದ್ರಾ ಲೇಔಟ್

ಕೀಲಿಯಿದ್ದೂ ತೆರೆಯಲಾರದ ರುದ್ರೇಶನಿಗೆ ಅನ್ನ ತಪ್ಪದಿರಲಿ. ಫೋನಿನ ಆ ಮಗುವಿಗೆ ಶ್ರೇಯಸ್ಸಾಗಲಿ. ತಮಗೆ ದೀರ್ಘಾಯುಷ್ಯವೂ ಈ ದಡದವರೆಗೆ ನಡೆದು ಬರುವ ಕಾಲ್ಬಲವೂ ಒದಗಲಿ. ಜಗದಾಂಬಾ ಅವರ ಒಲೆ ಒಣಗಲಿ, ಉರಿಯಲಿ.