ಎರಡು ಕೆನ್ನೆಗೆ ಒಂದೇ ತಕ್ಕಡಿ

ಮಾರ್ಚ್ ೩, ಬೆಳಿಗ್ಗೆ
ಈ ಮನೆಗೆ ಹಿರಿಯಳು ನಾನು. ಯಜಮಾನರು ಹೋದಾಗಿನಿಂದ ಪಾತ್ರೆ ಅಂಗಡಿಯ ಗಲ್ಲಾ ಮುಂದಿನ ಕುರ್ಚಿಯೂ ನನ್ನದೇ. ಇವತ್ತು ಮಾತ್ರ ಮನೆಯಲ್ಲಿ. ಮೊನ್ನೆ ಕಾಫಿ ತುಟಿಯಿಂದ ಸೋರಿ ಕತ್ತಿಗಿಳಿಯಿತು. ಕನ್ನಡಿ ನೋಡಿದರೆ ಎಡಗಡೆ ಮುಖ ಜೋತುಬಿದ್ದಿದೆ. ಮನೆಯವರಿಗೆ ಸಂಜೆವರೆಗೂ ತಿಳಿಯಲಿಲ್ಲ. ನಾನು ನಗುವವಳಾಗಿದ್ದರೆ ತಾನೇ ಬಾಯಿ ಸೊಟ್ಟಗಾಗಿದ್ದು ಕಾಣುವುದು.
ಡಾಕ್ಟರು ಪಾರ್ಶ್ವವಾಯು ಅಲ್ಲ, ಮುಖದ ನರಕ್ಕೆ ಬಾವು ಅಂದರು. ಮಾತ್ರೆ. ನರ ಎಷ್ಟು ಉಳಿದಿದೆ ಅಂತ ಎರಡು ವಾರ ಬಿಟ್ಟು ಟೆಸ್ಟ್. ದೊಡ್ಡ ಮಗ, ಮುಖ ನೆಟ್ಟಗಾಗುವವರೆಗೆ ಅಂಗಡಿಗೆ ಬರಬೇಡ, ಗಿರಾಕಿಗಳು ಏನಾದರೂ ಅಂದುಕೊಳ್ಳುತ್ತಾರೆ ಅಂದ. ಕುರ್ಚಿಯಲ್ಲಿ ತಾನೇ ಕೂರುತ್ತಾನಂತೆ. ಕೂರಲಿ... ಕಾಲು ನೆಲಕ್ಕೆ ಎಟಕುತ್ತದೋ ನೋಡೋಣ.

ಮಾರ್ಚ್ ೧೬
ಟೆಸ್ಟ್ ಆಯಿತು. ಮಾಡಿದ್ದು ಕಿರಿ ಸೊಸೆ. ಆಸ್ಪತ್ರೆಯಲ್ಲಿ ಅವಳ ಕೆಲಸವೇ ಅದು. ಮೊದಲು ಚೆನ್ನಾಗಿರುವ ಬಲಗೆನ್ನೆ. ಮೂಗಿನ ಪಕ್ಕ ಚರ್ಮ ಉಜ್ಜಿ, ತಂತಿ ಇರುವ ಬಿಲ್ಲೆ ಅಂಟಿಸಿ, ಕಿವಿಯ ಕೆಳಗೆ ಮೆಷಿನ್ನಿನ ಕಡ್ಡಿ ಒತ್ತಿ ಕರೆಂಟ್ ಕೊಟ್ಟಳು. ಚುರ್ ಅಂತು. ಪರದೆಯ ಮೇಲೆ ಗೆರೆ ಗುಡ್ಡದ ಹಾಗೆ ಎದ್ದಿತು. ಎಡಗಡೆ ಗೆರೆ ಮಲಗೇ ಇತ್ತು. ಅವಳ ಮುಖ ಸಪ್ಪಗಾಯಿತು. ಕುರ್ಚಿ ಹೋಯಿತು ಅಂದುಕೊಂಡೆ.
ಆಮೇಲೆ ಹೊಳೆಯಿತು. ಬಲಗೆನ್ನೆ ಇನ್ನೂ ಉರಿಯುತ್ತಿದೆ. ಎಡಗೆನ್ನೆಗೆ ಹತ್ತಿ ಸೋಕಿದಷ್ಟೇ.
"ಎರಡೂ ಕಡೆ ಒಂದೇ ಥರ ಮಾಡಿದೆಯಾ?"
"ನೋವಿರೋ ಕಡೆ ಅತ್ತೆ... ಜೋರಾಗಿ ಉಜ್ಜೋಕೆ ಕೈ ಬರಲಿಲ್ಲ." ಕರೆಂಟನ್ನೂ ಕಡಿಮೆ ಇಟ್ಟಿದ್ದಳಂತೆ.
"ನಮ್ಮ ಅಂಗಡೀಲಿ ಎರಡು ತಕ್ಕಡಿ ಇಲ್ಲ. ತಳ ಹಿಡಿದ ಪಾತ್ರೆ ಅಂದ್ಕೊಂಡು ಉಜ್ಜು."
ಉಜ್ಜಿದಳು, ಮದುವೆಯಾದಾಗಿನಿಂದ ಕೂಡಿಟ್ಟಿದ್ದನ್ನೆಲ್ಲ ಸೇರಿಸಿ. ಎಡಗಡೆ ಬಿಲ್ಲೆಯನ್ನು ಬಲಗಡೆಯದಕ್ಕೆ ಸರಿಸಮ ನೋಡಿ ಅಂಟಿಸಿದಳು. ಕರೆಂಟನ್ನೂ ಅಷ್ಟೇ ಇಟ್ಟು ಕಿವಿಯ ಕೆಳಗೆ ಒತ್ತಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಗೆರೆ ಎದ್ದಿತು, ಬಲಗಡೆಯ ಅರ್ಧಕ್ಕಿಂತ ಮೇಲೆ. ನರ ಬದುಕಿದೆ, ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ ಅಂದರು ಡಾಕ್ಟರು.
ಸೊಸೆ ಅಂಟು ಒರೆಸುತ್ತ, ಒಂದು ಸಲ ನಗಿ ನೋಡೋಣ ಅಂದಳು. ಕಾರಣವಿಲ್ಲದೆ ನಗುವ ರೂಢಿ ಇಲ್ಲ ಅಂದೆ. ಅಷ್ಟರಲ್ಲಿ ನಗು ಬಂದೇಬಿಟ್ಟಿತು, ಅರ್ಧ.

ಮಾರ್ಚ್ ೧೭, ಬೆಳಿಗ್ಗೆ ೧೧, ಅಂಗಡಿ
ಮೂರು ತಿಂಗಳು ಯಾರು ಕಾಯುತ್ತಾರೆ. ಬಾಗಿಲು ನಾನೇ ತೆಗೆದೆ. ದೊಡ್ಡವನು ಬಂದಾಗ ಕುರ್ಚಿಯಲ್ಲಿದ್ದೆ. ಅವನಿಗೆ ಸ್ಟೂಲ್ ತೋರಿಸಿದೆ. ಮೊದಲ ಗಿರಾಕಿ ಬಾಯಿಗೇನಾಯ್ತಮ್ಮ ಅಂದಳು. ಬಾಯಿ ಸೊಟ್ಟಗಾಗಿದೆ, ತಕ್ಕಡಿ ನೆಟ್ಟಗಿದೆ ಅಂದೆ. ದೊಡ್ಡ ಹಂಡೆ ಕೇಳುತ್ತಿದ್ದಾಳೆ. ಉಳಿದದ್ದು ಆಮೇಲೆ ಬರೆಯುತ್ತೇನೆ.