ಸೇತುವೆ ಜಾಗ ಬದಲಿಸಿತು, ನದಿ ಶುದ್ಧವಾಯಿತು

ನದಿ ನೀರಿನ ಗುಣಮಟ್ಟ ಅಳೆಯುವ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಮೊದಲು ಅಭಿನಂದನೆ ಸ್ವೀಕರಿಸಿ. ನಮ್ಮ ನದಿ ಕುಡಿಯಲು ಯೋಗ್ಯ ಎಂದು ತಾವು ಸಹಿ ಹಾಕಿದ್ದೀರಿ. ಅದನ್ನು ನಂಬಿ ನೀರು ಸರಬರಾಜಿನವರು ಬರುವ ಒಂದನೇ ತಾರೀಕಿನಿಂದ ನಮ್ಮ ಬೀದಿಯ ನಲ್ಲಿಗಳಿಗೆ ಬೋರ್‌ವೆಲ್ ನೀರಿನ ಬದಲು ನದಿ ನೀರು ಬಿಡುತ್ತಾರಂತೆ. ಆದರೆ ಅವರ ಪಂಪ್‌ಹೌಸ್ ಇರುವುದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಕೊಳಚೆ ಬಿಡುವ ಕೊಳವೆಗಿಂತ ಹರಿವಿನಲ್ಲಿ ಕೆಳಗೆ. ತಾವು ಬಾಟಲಿ ತುಂಬಿಸಿಕೊಂಡದ್ದು ಕೊಳವೆಗಿಂತ ಮೇಲೆ. ದೂರು ಇಷ್ಟೇ. ಉಳಿದದ್ದನ್ನು ಬರೆಯುತ್ತಿರುವುದು ನಗು ತಡೆಯಲಾಗದೆ.

ನಾನು ದರ್ಜಿ. ತಮ್ಮ ಕಚೇರಿಯಿಂದ ನೀರಿನ ಮಾದರಿ ತೆಗೆಯಲು ಒಬ್ಬರು ಬರುತ್ತಾರಲ್ಲ, ನಮ್ಮ ಬೀದಿಯಲ್ಲಿ ಅವರಿಗೆ ಬಾಟಲಿ ಸಾಹೇಬರು ಅಂತಲೇ ಹೆಸರು. ಬಲು ಸಂಭಾವಿತರು. ಎರಡು ವಾರದ ಹಿಂದೆ ಬ್ಯಾಗಿನ ಪಟ್ಟಿ ಕಿತ್ತುಬಂತೆಂದು ನನ್ನ ಅಂಗಡಿಗೆ ಬಂದರು. ಹೊಲಿಯುತ್ತಾ ಕೇಳಿದೆ, ಹಿಂದೆಲ್ಲ ಕೆಟ್ಟಿದೆ ಕೆಟ್ಟಿದೆ ಅಂತಿದ್ದ ನದಿ ಎರಡು ವರ್ಷದಿಂದ ಇಷ್ಟು ಚೆನ್ನಾಗಿ ಆಗಿದ್ದು ಹೇಗೆ ಅಂತ. ಅವರು ನಿಯಮದ ಪುಸ್ತಕ ತೆಗೆದು ಬಾಟಲಿ ತುಂಬಿಸಬೇಕಾದ ಜಾಗ ತೋರಿಸಿದರು: ‘ಸೇತುವೆಯ ಕೆಳಗೆ, ಎಡದಂಡೆಯಲ್ಲಿ.’ ಹಳೇ ಸೇತುವೆ ಕೊಳವೆಗಿಂತ ಕೆಳಗಿತ್ತು. ಅದನ್ನು ಕೆಡವಿ ಎರಡು ವರ್ಷದ ಹಿಂದೆ ಕೊಳವೆಗಿಂತ ಮೇಲೆ ಹೊಸದು ಕಟ್ಟಿದರು. ‘ಸೇತುವೆ ಎಲ್ಲಿ ಹೋಗುತ್ತೋ ನಾನೂ ಅಲ್ಲಿ ಹೋಗ್ತೀನಿ, ನನ್ನದೇನಿದೆ?’ ಅಂದರು ಪಾಪ.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಮಾನ್ಯರೇ. ಔಷಧಿ ಇಲ್ಲ, ಯಂತ್ರ ಇಲ್ಲ, ಕಾರ್ಖಾನೆಗೆ ಒಂದು ನೋಟಿಸೂ ಇಲ್ಲ, ಬರೀ ಸೇತುವೆ ಕಟ್ಟಿ ನದಿ ತೊಳೆದ ಕಚೇರಿ ಭೂಮಿಯ ಮೇಲೆ ಇನ್ನೊಂದಿದೆಯೇ? ಅಣ್ಣನ ಅಳತೆ ತೆಗೆದುಕೊಂಡು ತಮ್ಮನಿಗೆ ಪ್ಯಾಂಟು ಹೊಲಿದರೆ ಗಿರಾಕಿ ಪ್ಯಾಂಟನ್ನು ನನ್ನ ಮುಖದ ಮೇಲೆ ಎಸೆಯುತ್ತಾನೆ. ತಮ್ಮ ಮುಖದ ಮೇಲೆ ನದಿಯನ್ನು ಎಸೆಯುವವರು ಯಾರು?

ಮರುದಿನವೇ ನಾನೂ ನನ್ನ ಹೆಂಡತಿಯೂ ಅರವತ್ತು ಇಂಚಿನ ಟೇಪು ಹಿಡಿದು ದಂಡೆಗೆ ಹೋದೆವು. ಆಕೆ ಒಂದು ತುದಿ, ನಾನೊಂದು ತುದಿ. ಸೇತುವೆಯಿಂದ ಕೊಳವೆಗೆ ಇನ್ನೂರ ಎಪ್ಪತ್ತು ಟೇಪು, ಅಂದರೆ ನಾನೂರು ಮೀಟರಿಗೆ ತುಸು ಜಾಸ್ತಿ. ಮದುವೆಯಾದ ಮೇಲೆ ಇಷ್ಟು ದೂರ ಜೊತೆಯಾಗಿ ನಡೆದದ್ದು ಇದೇ ಮೊದಲು, ಅದಕ್ಕೂ ತಮಗೆ ಕೃತಜ್ಞತೆ. ಆಮೇಲೆ ವಾರವಿಡೀ ದಾರದ ಉಂಡೆಗಳ ಡಬ್ಬಿ ಒಯ್ದು ಕೊಳವೆಯ ಬಾಯಲ್ಲಿ ಬಣ್ಣ ಹೊಂದಿಸಿ ನೋಡಿದೆ. ಸೋಮವಾರ ನೇರಳೆ, ಬುಧವಾರ ಕಡುನೀಲಿ, ಶುಕ್ರವಾರದ ಬಣ್ಣಕ್ಕೆ ನನ್ನ ಹತ್ತಿರ ದಾರವೇ ಇಲ್ಲ. ದರ್ಜಿಯ ಕಣ್ಣಿಗೆ ಕಂಡದ್ದು ತಮ್ಮ ಪ್ರಯೋಗಾಲಯಕ್ಕೆ ಕಾಣಬೇಡವೇ?

ಪಟ್ಟಿ ಹೊಲಿದು ಕೊಟ್ಟ ದಿನ ನಡೆದ ಇನ್ನೊಂದು ಮಾತಿದೆ. ನನ್ನ ಹೆಂಡತಿ ಬಾಟಲಿ ಸಾಹೇಬರಿಗೆ ಕುಡಿಯಲು ನೀರು ತಂದಳು. ಅವರು ಲೋಟ ಹಿಡಿದುಕೊಂಡು ಮೆಲ್ಲಗೆ ಕೇಳಿದರು:

‘ಇದು ಯಾವ ನೀರಮ್ಮಾ?’

‘ಇವತ್ತಿಗೆ ಬೋರ್‌ವೆಲ್‌ದೇ, ಕುಡೀರಿ,’ ಅಂದಳು ಆಕೆ. ‘ಒಂದನೇ ತಾರೀಕಿಂದ ಮನೆಯಿಂದಲೇ ತಂದ್ಬಿಡಿ.’

ಅವರು ತಲೆ ತಗ್ಗಿಸಿ ಕುಡಿದು ಹೋದರು. ಆಗ ಮಾತ್ರ ನನಗೆ ನಗು ಬರಲಿಲ್ಲ. ನನ್ನ ಮೊಮ್ಮಗಳಿಗೆ ಒಂದನೇ ತಾರೀಕಿಗೆ ಆರು ತಿಂಗಳು ತುಂಬುತ್ತದೆ. ಇಷ್ಟು ದಿನ ತಾಯಿ ಹಾಲು ಬಿಟ್ಟು ಬೇರೇನೂ ಕುಡಿದವಳಲ್ಲ, ಇನ್ನು ನೀರು ಕುಡಿಸಬಹುದು ಅಂತ ಡಾಕ್ಟರಮ್ಮ ಹೇಳಿದ್ದಾರೆ. ನನಗೆ ಭಯವಾಗಿದೆ, ಮಾನ್ಯರೇ.

ಬೇಡಿಕೆ ಒಂದೇ: ಒಂದನೇ ತಾರೀಕಿಗೆ ಮೊದಲು ಆ ಇನ್ನೂರ ಎಪ್ಪತ್ತು ಟೇಪು ನಡೆದು ಕೊಳವೆಯ ಕೆಳಗಿನ ನೀರು ಪರೀಕ್ಷಿಸಿ, ಅಲ್ಲಿವರೆಗೆ ನಲ್ಲಿಗೆ ನದಿ ನೀರು ಬಿಡಿಸಬೇಡಿ. ಸೇತುವೆ ಇಲ್ಲದ ಕಡೆ ಬಾಟಲಿ ಮುಳುಗಿಸಲು ನಿಯಮ ಒಪ್ಪುವುದಿಲ್ಲವೇ? ಅದಕ್ಕೂ ಏರ್ಪಾಡಾಗಿದೆ. ಬಟ್ಟೆ ಕತ್ತರಿಸುವ ನನ್ನ ಮೇಜಿನ ಹಲಗೆ ಕಿತ್ತು, ಕೊಳವೆಯ ಸ್ವಲ್ಪ ಕೆಳಗೆ ಎಡದಂಡೆಯಿಂದ ಒಂದು ಬಂಡೆಯವರೆಗೆ ಹಾಸಿ, ಅದರ ಮೇಲೆ ದಪ್ಪಕ್ಷರದಲ್ಲಿ ‘ಸೇತುವೆ’ ಎಂದು ಬರೆಸಿದ್ದೇನೆ. ಉದ್ಘಾಟನೆಗೆ ತಾವೇ ಬರಬೇಕು. ರಿಬ್ಬನ್ನೂ ಕತ್ತರಿಯೂ ನನ್ನವು. ಬಾಟಲಿ ತಮ್ಮದು. ಅದರ ಕೆಳಗಿನ ನೀರಿಗೂ ಇದೇ ಸಹಿ ಹಾಕುವುದಾದರೆ ಮೊದಲ ಲೋಟ ಅಲ್ಲೇ ನಿಂತು ಕುಡಿಯಿರಿ. ನನ್ನ ಮೊಮ್ಮಗಳ ಚಮಚ ಆಮೇಲೆ.

ಇಂತಿ,
ಅಳತೆ ಟೇಪು ಎಷ್ಟು ತೊಳೆದರೂ ಇನ್ನೂ ನೀಲಿಯಾಗಿಯೇ ಇರುವ,
ಸದ್ಯಕ್ಕೆ ಮೇಜಿಲ್ಲದ ಒಬ್ಬ ದರ್ಜಿ